ಕಾಂಗ್ರೆಸ್ ಹುಲ್ಲಿಗೊಂದು ಸಪ್ತಾಹ

ಈ ಆಗಸ್ಟ್‌ನಲ್ಲೂ ಕಲಬುರಗಿಯಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ ಸಾಂಗವಾಗಿ ನೆರವೇರಿದ್ದನ್ನೂ ಒಂದೇ ಗಿಡವನ್ನು ಒಂಬತ್ತು ಮಂದಿ ಗಣ್ಯರು ಹಿಡಿದುಕೊಂಡು, ಕೀಳುವುದನ್ನು ಮರೆತು ಕ್ಯಾಮೆರಾದತ್ತ ನೋಡುತ್ತಿದ್ದ ಚಿತ್ರವನ್ನೂ ತಾವು ನೋಡಿಯೇ ಇರುತ್ತೀರಿ. ಆ ಚಿತ್ರ ತೆಗೆದದ್ದು ನಮ್ಮ ಮನೆಯ ಪಕ್ಕದ ಖಾಲಿ ಪ್ಲಾಟಿನಲ್ಲಿ. ಹಾಗಾಗಿ ಅದರಲ್ಲಿ ಕಾಣದ್ದನ್ನೂ ನಾನು ಹೇಳಬಲ್ಲೆ. ಕಿತ್ತ ಗಿಡಗಳು ಒಟ್ಟು ಹದಿನಾಲ್ಕು. ಹೂ ಕಳೆದು ಬೀಜ ಕಟ್ಟಿದ್ದ ಅವುಗಳನ್ನು ತಾಡಪತ್ರಿ ಹೊದಿಸದ ಟ್ರ್ಯಾಕ್ಟರಿಗೆ ಎಸೆದು, ರಿಂಗ್ ರಸ್ತೆಗುಂಟ ಮೆರವಣಿಗೆಯಂತೆ ಒಯ್ದರು. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಅಂದು ಗಾಳಿಯೂ ಚೆನ್ನಾಗಿತ್ತು. ಅಷ್ಟು ಅಚ್ಚುಕಟ್ಟಾದ ಬಿತ್ತನೆ ನಮ್ಮ ತೊಗರಿ ಬೆಳೆಗಾರರಿಂದಲೂ ಆಗದು.

ಈ ಗಿಡದ ಜಾತಕ ಎಲ್ಲರಿಗೂ ಗೊತ್ತು. ಅಮೆರಿಕವೂ ಸೋವಿಯತ್ ಒಕ್ಕೂಟವೂ ಜಗತ್ತನ್ನು ಪಿತ್ರಾರ್ಜಿತ ಹೊಲವೆಂದು ತಿಳಿದು ಬದುವಿಗಾಗಿ ಬಡಿದಾಡುತ್ತಿದ್ದ ಕಾಲದಲ್ಲಿ, ಹಸಿದ ದೇಶಗಳು ಕೆಂಪು ಬಾವುಟದ ಕಡೆಗೆ ವಾಲದಿರಲೆಂಬ ಕಾಳಜಿ ಮತ್ತು ತಮ್ಮ ಉಗ್ರಾಣದಲ್ಲಿ ಮಿಕ್ಕ ಧಾನ್ಯವನ್ನು ಸಾಗಹಾಕುವ ಅವಸರ ಎರಡೂ ಕೂಡಿ 1954ರಲ್ಲಿ ಅಮೆರಿಕದ ಪಿಎಲ್-480 ಕಾಯ್ದೆ ಹುಟ್ಟಿತು. ಅದರಡಿ ನಮ್ಮಲ್ಲಿಗೆ ಬಂದ ಗೋಧಿಯ ಚೀಲದೊಳಗೆ ಕುಳಿತು ಈ ಹುಲ್ಲು ಬಂತೆಂಬುದು ಜನರ ನಂಬಿಕೆ. ನಾವು ಒಪ್ಪಂದಕ್ಕೆ ಸಹಿ ಹಾಕಿದ್ದು 1956ರಲ್ಲಿ, ಪುಣೆಯಲ್ಲಿ ಗಿಡ ಕಂಡಿದ್ದು 1955ರಲ್ಲಿ. 1951ರ ಸಾಲದ ಗೋಧಿಯೂ ಅಮೆರಿಕದ್ದೇ ಆಗಿದ್ದರಿಂದ ಅದರಲ್ಲೇ ಬಂದಿರಬಹುದು. ಹತ್ತೊಂಬತ್ತನೆಯ ಶತಮಾನದಲ್ಲೇ ಇಲ್ಲಿತ್ತೆನ್ನುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ನಾನಂತೂ ಸಹಿ ಬೀಳುವ ಮೊದಲೇ ಫಲಾನುಭವಿಗಳ ಮನೆಬಾಗಿಲು ತಲುಪಿದ ಏಕೈಕ ಯೋಜನೆಯೆಂದು ಇದನ್ನು ಗೌರವಿಸುತ್ತೇನೆ. ಬಿಳಿ ಹೂ ಗಾಂಧಿ ಟೋಪಿಯಂತೆ ಕಂಡದ್ದರಿಂದ ಕಾಂಗ್ರೆಸ್ ಹುಲ್ಲು ಎಂಬ ಹೆಸರು ಬಂತೆನ್ನುತ್ತಾರೆ. ಪಕ್ಷ ಎಷ್ಟೋ ಸಲ ಸೋತು ಗೆದ್ದಿದೆ. ಹುಲ್ಲು ಒಮ್ಮೆಯೂ ಠೇವಣಿ ಕಳೆದುಕೊಂಡಿಲ್ಲ.

ಚೀಲದಲ್ಲಿ ಬರೀ ಗೋಧಿಯಿರಲಿಲ್ಲ. 1965-66ರ ಬರಗಾಲದಲ್ಲಿ ಕೆಂಪು ಜೋಳವೂ ಬಂತು. ಬಿಳಿ ಜೋಳದ ರೊಟ್ಟಿ ಬಡಿದು ಪಳಗಿದ್ದ ನನ್ನ ಅಜ್ಜಿಗೆ ಆ ಹಿಟ್ಟಿನಲ್ಲಿ ಜಿಗಿಯೇ ಇಲ್ಲವೆಂಬ ಕೊರಗಿತ್ತು. ಬಡಿಯುವ ಮೊದಲೇ ಅಂಚು ಸೀಳಿ ರೊಟ್ಟಿ ಹೋಳಾಗುತ್ತಿತ್ತು. ವಿಯೆಟ್ನಾಂ ಎಲ್ಲಿದೆಯೆಂದು ಆಕೆಗೆ ತಿಳಿಯದು. ಅಲ್ಲಿ ಬೀಳುತ್ತಿದ್ದ ಬಾಂಬುಗಳ ಬಗ್ಗೆ ದಿಲ್ಲಿ ಆಡಿದ ಮಾತಿನಿಂದ ಕೆರಳಿದ ಅಧ್ಯಕ್ಷ ಜಾನ್ಸನ್, ಧಾನ್ಯದ ಹಡಗುಗಳನ್ನು ತಿಂಗಳಿಂದ ತಿಂಗಳಿಗೆ ಲೆಕ್ಕ ಹಾಕಿ ಬಿಡುತ್ತಿದ್ದಾಗ, ಅಜ್ಜಿಯ ಒಲೆಯ ಮೇಲೆ ಹಂಚು ಸುಮ್ಮನೆ ಕಾಯುತ್ತಿತ್ತು.

ರಷ್ಯಾದವರು ನಮ್ಮ ಮನೆಗೆ ಕಳಿಸಿದ್ದು ಕಾಗದ. ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪು ಹಾಳೆಗಳಿಗಿಂತ ಒಳ್ಳೆಯ ರಟ್ಟು ಶಾಲೆಯ ಪುಸ್ತಕಗಳಿಗೆ ಇರಲಿಲ್ಲವೆಂಬುದನ್ನು ನನ್ನ ವಯಸ್ಸಿನವರು ಒಪ್ಪುತ್ತಾರೆ. ನನ್ನ ಗಣಿತದ ಮೇಲೆ ಟ್ರ್ಯಾಕ್ಟರ್ ಏರಿ ನಗುವ ಹೆಂಗಸಿದ್ದಳು, ಭೂಗೋಳದ ಮೇಲೆ ಗಗನಯಾತ್ರಿ. ಆ ಹೆಂಗಸು ಯಾಕೆ ನಗುತ್ತಾಳೆಂದು ಮಗ್ಗಿ ಬಾರದ ನಾನು ಬಹಳ ದಿನ ಯೋಚಿಸಿದ್ದುಂಟು. ಒಳಗೆ ಏನು ಬರೆದಿತ್ತೋ ನಮ್ಮ ಓಣಿಯಲ್ಲಿ ಯಾರೂ ಓದಲಿಲ್ಲ. ಸಮತಾವಾದ ನಮ್ಮನ್ನು ತಲುಪಿದ್ದು ಮಳೆ ಬಿದ್ದರೂ ಹಾಳಾಗದ ಹಾಳೆಯಾಗಿ. 1991ರ ಡಿಸೆಂಬರಿನಲ್ಲಿ ಒಕ್ಕೂಟವೇ ಕರಗಿಹೋಯಿತು. ಅಟ್ಟದ ಮೇಲಿನ ಭೂಗೋಳದ ಪುಸ್ತಕಕ್ಕೆ ಗಗನಯಾತ್ರಿ ಇನ್ನೂ ಅಂಟಿಕೊಂಡಿದ್ದಾನೆ. ಕಾಗದವಾದ್ದರಿಂದ ಬೀಜ ಬಿಡಲಿಲ್ಲ, ಅಷ್ಟು ಪುಣ್ಯ.

ಈ ಕಳೆಯನ್ನು ತಿನ್ನಲೆಂದು ಮೆಕ್ಸಿಕೊದಿಂದ ತಂದ ಜೀರುಂಡೆಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದಾದರೂ ಮಳೆ ಬಿದ್ದಾಗ ಎದ್ದು ಬಂದು, ಯಾರ ಉದ್ಘಾಟನೆಗೂ ಕಾಯದೆ ಎಲೆ ಕೊರೆಯುತ್ತದೆ. ಅದಕ್ಕೂ ಮೊದಲು, 1975ರಲ್ಲೇ, ನಮ್ಮ ಸರ್ಕಾರ ಈ ಗಿಡವನ್ನು ಅಪಾಯಕಾರಿ ಕಳೆಯೆಂದು ಘೋಷಿಸಿತ್ತು. ಘೋಷಿಸಿ ಅರ್ಧ ಶತಮಾನವಾಯಿತು, ತೊಗರಿ ಹೊಲದ ಬದುವಿನಲ್ಲಿ ಇದನ್ನು ಬರಿಗೈಯಲ್ಲಿ ಕೀಳುವ ಕೂಲಿ ಹೆಂಗಸರಿಗೆ ಒಂದು ಜೋಡಿ ಕೈಗವಸು ಕೊಡುವುದು ಯಾರಿಂದಲೂ ಆಗಿಲ್ಲ. ಅವರ ಮೊಣಕೈವರೆಗಿನ ಚರ್ಮ ಕಪ್ಪಗೆ ದಪ್ಪಗಾಗಿ ಬಿರಿದಿರುತ್ತದೆ, ಸಂಜೆ ಬೆವರು ತಾಗಿದರೆ ಉರಿಯುತ್ತದೆ, ರಾತ್ರಿ ತುರಿಕೆಗೆ ನಿದ್ದೆ ಬರುವುದಿಲ್ಲ. ಯಾರದೋ ಜಗಳದ ಕಸ ಇದು, ಅದನ್ನು ಬಳಿಯುತ್ತಿರುವವರು ಇವರು, ಸಪ್ತಾಹದ ಬ್ಯಾನರಿನ ದುಡ್ಡಿನಲ್ಲಿ ಎಷ್ಟು ಕೈಗವಸು ಬರುತ್ತಿತ್ತೆಂದು ಲೆಕ್ಕ ಹಾಕಲೂ ನನಗೆ ಈಗ ಬೇಸರವಾಗಿದೆ.

ಉಳಿದ ಗಿಡಗಳನ್ನು ತೆಗೆಸಿರೆಂದು ಸಂಬಂಧಪಟ್ಟ ಕಚೇರಿಗೆ ಹೋದೆ. "ಪ್ಲಾಟ್ ಪ್ರೈವೇಟ್ ಅದರಿ ಸರ, ಮಾಲಕರಿಗೇ ಹೇಳ್ರಿ" ಎಂದರು. ಫೋಟೋ ತೆಗೆಸುವಾಗ ಅದು ಯಾರದಾಗಿತ್ತೋ ತಿಳಿಯಲಿಲ್ಲ. ಮಾಲೀಕರು ಟೆಕ್ಸಾಸ್‌ನಲ್ಲಿದ್ದಾರೆ, ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಸಿಕ್ಕರು. ನನ್ನ ದೂರನ್ನೆಲ್ಲ ಸಮಾಧಾನದಿಂದ ಕೇಳಿ, ತಮ್ಮ ಹಿತ್ತಲಿನ ಬೇಲಿಯಾಚೆಗೂ ಅದೇ ಗಿಡವಿದೆಯೆಂದು ತಿಳಿಸಿದರು.

"ಆದರ ಇಲ್ಲಿ ಮೊಣಕಾಲ ತನಕ ಸೈತ ಬರಂಗಿಲ್ಲರಿ" ಎಂದರು ಅಭಿಮಾನದಿಂದ. "ನಮ್ಮ ಕಲಬುರಗಿ ಮಣ್ಣ ಭಾಳ ಚಲೋ ಅದರಿ."