ಕಂಪನಿ ಕೊಟ್ಟ ಅಳತೆ ಬಿಟ್ಟು ಬೇರೆ ಟೈರ್ ಹಾಕಿಸಬಹುದೇ?

ಪರ: ಲೆಕ್ಕ ಸರಿಯಿದ್ದರೆ ಹಿಂಜರಿಯಬೇಕಿಲ್ಲ

ಚಾಲಕನ ಬದಿಯ ಬಾಗಿಲು ತೆರೆದರೆ ಒಳಗಿನ ಕಂಬದ ಮೇಲೆ ಟೈರ್ ಅಳತೆ ಮತ್ತು ಗಾಳಿಯ ಒತ್ತಡ ಬರೆದ ಚೀಟಿ ಸಿಗುತ್ತದೆ. ಎಷ್ಟೋ ಕಾರುಗಳಲ್ಲಿ ಅದರ ಮೇಲೆ ಎರಡು ಮೂರು ಅಳತೆಗಳಿರುತ್ತವೆ. ಅದೇ ಬಾಡಿ, ಅದೇ ಎಂಜಿನ್. ಕಡಿಮೆ ಬೆಲೆಯ ಮಾದರಿಗೆ 185/65 ಆರ್15, ದುಬಾರಿ ಮಾದರಿಗೆ 195/55 ಆರ್16. ಕಂಪನಿಯೇ ಎರಡು ಬಗೆ ಹಾಕಿ ಮಾರುವಾಗ, ಬಂದ ಅಳತೆ ಬಿಟ್ಟು ಬೇರೆಯದನ್ನು ಮುಟ್ಟಲೇಬಾರದು ಎಂಬ ಮಾತಿಗೆ ಬುಡವಿಲ್ಲ. ತಯಾರಕರು ಬೆಲೆ, ಮೈಲೇಜ್, ಶಬ್ದ, ಮೆತ್ತನೆಯ ಓಟ ಎಲ್ಲವನ್ನೂ ತೂಗಿ ಒಂದು ಅಳತೆ ಆರಿಸುತ್ತಾರೆ. ನಿಮ್ಮ ರಸ್ತೆ ಬೇರೆ, ನಿಮ್ಮ ಓಟ ಬೇರೆ ಆದಾಗ ಆ ತೂಕವೂ ಬದಲಾಗುತ್ತದೆ.

ಮೊದಲು ಲೆಕ್ಕ. 185/65 ಆರ್15 ಎಂದರೆ ಟೈರಿನ ಅಗಲ 185 ಮಿ.ಮೀ.; ಸೈಡ್‌ವಾಲಿನ, ಅಂದರೆ ಟೈರಿನ ಪಕ್ಕದ ಗೋಡೆಯ, ಎತ್ತರ ಆ ಅಗಲದ ಶೇ. 65, ಅಂದರೆ 120 ಮಿ.ಮೀ. ಮತ್ತು ಸ್ವಲ್ಪ, ರಿಮ್ 15 ಇಂಚು, ಅಂದರೆ 381 ಮಿ.ಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿಸಿದರೆ ಪೂರ್ತಿ ವ್ಯಾಸ 621.5 ಮಿ.ಮೀ. ಇದೇ ಲೆಕ್ಕದಲ್ಲಿ 195/55 ಆರ್16 ಟೈರಿನ ವ್ಯಾಸ 620.9 ಮಿ.ಮೀ. ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ. ಹೊಸ ಟೈರ್ ಸವೆಯುತ್ತಾ ಹೋದಾಗ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವ್ಯಾಸ ಕಳೆದುಕೊಳ್ಳುತ್ತದೆ. ರಿಮ್ ಬದಲಿಸದೆ 195/60 ಆರ್15 ಹಾಕಿದರೆ 615, ಅಂದರೆ ಶೇ. 1ರಷ್ಟು ಕಡಿಮೆ. 205/60 ಆರ್15 ಹಾಕಿದರೆ 627, ಶೇ. 0.9ರಷ್ಟು ಹೆಚ್ಚು. ಆದರೆ 205/65 ಆರ್15ಕ್ಕೆ ಹೋದರೆ 647.5, ಶೇ. 4ಕ್ಕೂ ಮೀರಿದ ಹೆಚ್ಚಳ. ಅದನ್ನು ಹಾಕಿಸಿ ಎಂದು ಯಾರೂ ಹೇಳಬಾರದು. ಮೂಲ ವ್ಯಾಸದಿಂದ ಶೇ. 2ರ ಒಳಗೆ ಇರಲಿ, ಶೇ. 3 ಕೊನೆಯ ಗಡಿ.

ವ್ಯಾಸ ಹೊಂದಿತು ಎಂದು ಅಲ್ಲಿಗೇ ನಿಲ್ಲಿಸುವವರು ಎಡವುವುದು ಭಾರದ ಸಂಖ್ಯೆಯಲ್ಲಿ. ಟೈರಿನ ಮೇಲೆ ಅಳತೆಯ ನಂತರ 88 ಎಚ್ ಎಂದಿದ್ದರೆ ಒಂದು ಟೈರ್ 560 ಕಿಲೋ ಹೊರುತ್ತದೆ, ಗಂಟೆಗೆ 210 ಕಿ.ಮೀ. ವೇಗಕ್ಕೆ ತಕ್ಕದ್ದು ಎಂದರ್ಥ. 195/55 ಆರ್16ರಲ್ಲಿ ಸಾಮಾನ್ಯವಾಗಿ ಸಿಗುವ ಸಂಖ್ಯೆ 87, ಅಂದರೆ 545 ಕಿಲೋ. ನೋಡಲು ದೊಡ್ಡ ಚಕ್ರ, ಹೊರುವುದು ಮಾತ್ರ 15 ಕಿಲೋ ಕಡಿಮೆ! ಕಾರಿನ ಚೀಟಿ 88 ಕೇಳುತ್ತಿದ್ದರೆ, ಅದೇ ಅಳತೆಯಲ್ಲಿ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಎಂದು ಗುರುತಿರುವ 91ರ ಟೈರನ್ನು ಕೇಳಿ ಪಡೆಯಿರಿ; ಅದರದು 615 ಕಿಲೋ. ಇಲ್ಲೂ ಒಂದು ಸೂಕ್ಷ್ಮವಿದೆ. ಸಾಮಾನ್ಯ ಟೈರಿನ ಗರಿಷ್ಠ ಭಾರವನ್ನು 250 ಕಿಲೋಪಾಸ್ಕಲ್ (ಸುಮಾರು 36 ಪಿಎಸ್‌ಐ) ಒತ್ತಡಕ್ಕೆ ಲೆಕ್ಕ ಹಾಕಿದರೆ, ಎಕ್ಸ್‌ಎಲ್ ಟೈರಿನದನ್ನು 290ಕ್ಕೆ (ಸುಮಾರು 42 ಪಿಎಸ್‌ಐ) ಹಾಕಿರುತ್ತಾರೆ. ಹಾಗಾಗಿ ಹಳೆಯ ಟೈರಿಗೆ 33 ಪಿಎಸ್‌ಐ ತುಂಬುತ್ತಿದ್ದವರು ಎಕ್ಸ್‌ಎಲ್‌ಗೂ ಅಷ್ಟನ್ನೇ ತುಂಬಿದರೆ ಅದು ಹಳೆಯದಕ್ಕಿಂತ ತುಸು ಕಡಿಮೆಯೇ ಹೊರುತ್ತದೆ. 34ರಿಂದ 35 ಪಿಎಸ್‌ಐ ತುಂಬಿದರೆ ಲೆಕ್ಕ ಸರಿಹೋಗುತ್ತದೆ.

ರಿಮ್ಮಿನ ಅಗಲವೂ ಹೊಂದಬೇಕು. 185/65 ಟೈರಿಗೆ 5ರಿಂದ 6.5 ಇಂಚು, 195/60ಕ್ಕೆ 5.5ರಿಂದ 7 ಇಂಚು ಅಗಲದ ರಿಮ್ ಸಲ್ಲುತ್ತದೆ. 205/60ಕ್ಕೆ 5.5 ಇಂಚು ಎಂದರೆ ಅನುಮತಿಯ ಕೊನೆಯ ಅಂಚು. ಕಿರಿದಾದ ರಿಮ್ಮಿಗೆ ಅಗಲದ ಟೈರ್ ತುರುಕಿದರೆ ನಡುಭಾಗ ಉಬ್ಬಿ ಅಲ್ಲೇ ಬೇಗ ಸವೆಯುತ್ತದೆ, ಸೈಡ್‌ವಾಲ್ ತೂರಾಡುತ್ತದೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ತಡವಾಗಿ ಬಾಗುತ್ತದೆ. ಅಗಲದ ಟೈರ್ ಹಾಕಿಸಿದವರ ಬೇಸರಕ್ಕೆ ಬಹಳ ಸಲ ಇದೇ ಕಾರಣ. ತಪ್ಪು ಟೈರಿನದಲ್ಲ, ರಿಮ್ಮಿನದು.

ರಿಮ್ಮನ್ನೂ ಬದಲಿಸುವುದಾದರೆ ಬೋಲ್ಟ್ ವೃತ್ತ (ಬೋಲ್ಟ್ ತೂತುಗಳು ಕೂರುವ ವೃತ್ತದ ವ್ಯಾಸ), ನಡುವಿನ ತೂತು ಮತ್ತು ಆಫ್‌ಸೆಟ್ (ಚಕ್ರ ಕೂರುವ ಹಬ್ಬಿಗೆ ತಾಗುವ ಮೈ ರಿಮ್ಮಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದು; ಇಟಿ ಎಂದು ಬರೆದಿರುತ್ತದೆ) ಮೂರನ್ನೂ ನೋಡಿ. ಬೋಲ್ಟ್ ವೃತ್ತ ಒಂದು ಮಿಲಿಮೀಟರೂ ಆಚೀಚೆ ಆಗಬಾರದು. ನಡುವಿನ ತೂತು ಹಬ್ಬಿಗಿಂತ ದೊಡ್ಡದಿದ್ದರೆ ನಡುವೆ ಸರಿಯಾದ ಅಳತೆಯ ರಿಂಗ್ ಕೂರಿಸಬೇಕು, ಇಲ್ಲವಾದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ವೇಗ ಹೆಚ್ಚಿದಂತೆ ಸ್ಟೀರಿಂಗ್ ನಡುಗುತ್ತದೆ. ಆಫ್‌ಸೆಟ್ಟಿಗೆ ಒಂದು ಉದಾಹರಣೆ: 5.5 ಇಂಚು ಅಗಲ, ಇಟಿ 45 ಇರುವ ರಿಮ್ ತೆಗೆದು 6.5 ಇಂಚು, ಇಟಿ 38 ಹಾಕಿದಿರಿ. ಒಂದು ಇಂಚು ಹೆಚ್ಚಿದ್ದರಿಂದ ಎರಡೂ ಕಡೆ 12.7 ಮಿ.ಮೀ. ಬೆಳೆಯಿತು, ಆಫ್‌ಸೆಟ್ 7 ಇಳಿದದ್ದರಿಂದ ಇಡೀ ಚಕ್ರ 7 ಮಿ.ಮೀ. ಹೊರಗೆ ಸರಿಯಿತು. ಹೊರಗಡೆ ಒಟ್ಟು 19.7 ಮಿ.ಮೀ. ಚಾಚು, ಒಳಗಡೆ ಸ್ಟ್ರಟ್ (ಸಸ್ಪೆನ್ಷನ್ ಕಂಬ) ಕಡೆಗೆ 5.7 ಮಿ.ಮೀ. ಈಗಿರುವ ಜಾಗವನ್ನು ಅಳೆದು ಇದನ್ನು ಕಳೆದರೆ ಚಕ್ರ ಹಿಡಿಸುತ್ತದೋ ಇಲ್ಲವೋ ಕೊಳ್ಳುವ ಮೊದಲೇ ತಿಳಿಯುತ್ತದೆ.

ಹಾಕಿಸಿದ ಮೇಲೆ ಒಂದು ಪರೀಕ್ಷೆ. ಮಡ್‌ಗಾರ್ಡಿನ ಒಳಹೊದಿಕೆಯ ಮೇಲೆ ನಾಲ್ಕೈದು ಕಡೆ ಮಕ್ಕಳು ಆಡುವ ಮೆತ್ತನೆಯ ಜೇಡಿಯ ಉಂಡೆಗಳನ್ನು ಅಂಟಿಸಿ. ಐದೂ ಜನ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಮುಂದಕ್ಕೂ ಹಿಂದಕ್ಕೂ ನಿಧಾನವಾಗಿ ಓಡಿಸಿ, ಒಂದು ಉಬ್ಬು ಹತ್ತಿಸಿ. ಉಂಡೆಯ ಮೇಲೆ ಟೈರಿನ ಅಚ್ಚು ಬಿದ್ದಿದ್ದರೆ ಅಲ್ಲಿ ಜಾಗ ಸಾಲದು. ಹಿಮ್ಮುಖವಾಗಿ ಓಡಿಸುವುದನ್ನು ಮರೆಯಬೇಡಿ. ಮುಂದೆ ಹೋಗುವಾಗ ತಾಗದ ಟೈರ್ ಹಿಂದೆ ಹೋಗುವಾಗ ತಾಗಬಹುದು. ನಟ್‌ಗಳನ್ನು ಕಾರಿನ ಕೈಪಿಡಿ ಹೇಳುವ ಟಾರ್ಕಿಗೆ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಅದೇ ಟಾರ್ಕಿಗೆ ನೋಡಬೇಕು. ಟೈರ್ ಒತ್ತಡ ತೋರಿಸುವ ವ್ಯವಸ್ಥೆಯನ್ನೂ ಹೊಸದಾಗಿ ಹೊಂದಿಸಿ.

ಅಳತೆ ಬದಲಿಸುವುದೆಂದರೆ ದೊಡ್ಡ ರಿಮ್ ಹಾಕುವುದೆಂದೇ ಹೆಚ್ಚಿನವರ ಎಣಿಕೆ. ಆದರೆ ಅತ್ಯಂತ ಉಪಯುಕ್ತ ಬದಲಾವಣೆ ಇಳಿಯುವುದರಲ್ಲಿದೆ. 205/45 ಆರ್17 ಟೈರಿನ ಸೈಡ್‌ವಾಲ್ ಬರೀ 92 ಮಿ.ಮೀ. ಅದನ್ನು ಬಿಟ್ಟು 195/55 ಆರ್16ಕ್ಕೆ ಬಂದರೆ 107, 185/65 ಆರ್15ಕ್ಕೆ ಬಂದರೆ 120. ಮೂರರ ವ್ಯಾಸವೂ ಶೇ. 1ರ ಒಳಗೇ ಇದೆ. ಗುಂಡಿ ಬಿದ್ದ ರಸ್ತೆಯಲ್ಲಿ ಆ ಹೆಚ್ಚಿನ 28 ಮಿ.ಮೀ. ರಬ್ಬರು ಬೆನ್ನಿಗೂ ರಿಮ್ಮಿಗೂ ದೊಡ್ಡ ಆಸರೆ. ಟೈರಿನ ಬೆಲೆಯೂ ಇಳಿಯುತ್ತದೆ, ಚಕ್ರದ ತೂಕವೂ ಸಾಮಾನ್ಯವಾಗಿ ಇಳಿಯುತ್ತದೆ. ಮೇಲಿನವುಗಳ ಜೊತೆಗೆ ಇಲ್ಲಿ ನೋಡಬೇಕಾದ್ದು ಬ್ರೇಕ್ ಕ್ಯಾಲಿಪರನ್ನು, ಅಂದರೆ ಬ್ರೇಕ್ ಡಿಸ್ಕನ್ನು ಅಮುಕಿ ಹಿಡಿಯುವ ಭಾಗವನ್ನು: ರಿಮ್ಮಿನ ಒಳಮೈಗೂ ಕ್ಯಾಲಿಪರಿಗೂ ನಡುವೆ ಕನಿಷ್ಠ 3 ಮಿ.ಮೀ. ಜಾಗ ಇರಲಿ. ಬ್ಯಾಲೆನ್ಸ್ ಮಾಡುವಾಗ ಒಳಗೆ ಅಂಟಿಸುವ ಸೀಸದ ತುಂಡು ಆ ಜಾಗವನ್ನು ತಿನ್ನುತ್ತದೆ. ತುಂಡು ಅಂಟಿಸಿದ ನಂತರವೇ ಚಕ್ರವನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟು ಕೇಳಿ.

ವಿರೋಧ: ಅದೇ ಅಳತೆಯಲ್ಲಿ ಒಳ್ಳೆಯ ಟೈರ್ ಸಿಗುವಾಗ ಬೇರೆ ಅಳತೆ ಏಕೆ?

ಅಗಲದ ಟೈರ್ ಹಾಕಿಸಿ ಹೊರಬಂದವರು ಮೊದಲ ತಿರುವಿನಲ್ಲೇ ಕಾರು ರಸ್ತೆ ಕಚ್ಚಿ ಹಿಡಿಯುತ್ತಿದೆ ಎನ್ನುತ್ತಾರೆ. ಅವರು ತೆಗೆಸಿದ್ದು ಏನನ್ನು? ಐದಾರು ವರ್ಷ ಓಡಿ ಗಟ್ಟಿಯಾದ, ಮೈಮೇಲಿನ ಗೀರುಗಳ ಆಳ ಎರಡು ಮಿಲಿಮೀಟರಿಗೆ ಇಳಿದ ಟೈರುಗಳನ್ನು. ಹಾಕಿಸಿದ್ದು ಸುಮಾರು ಎಂಟು ಮಿಲಿಮೀಟರ್ ಗೀರಿನ, ಮೆದು ರಬ್ಬರಿನ ಹೊಸ ಟೈರು. ಅದೇ ಹೊಸ ರಬ್ಬರು ಹಳೆಯ ಅಳತೆಯಲ್ಲಿ ಬಂದಿದ್ದರೂ ಅವರು ಹೆಚ್ಚೂಕಡಿಮೆ ಇದೇ ಮಾತು ಹೇಳುತ್ತಿದ್ದರು. ಹಿಡಿತವನ್ನು ನಿರ್ಧರಿಸುವುದರಲ್ಲಿ ರಬ್ಬರಿನ ಮಿಶ್ರಣ ಮತ್ತು ಗೀರಿನ ವಿನ್ಯಾಸದ ಪಾಲು ದೊಡ್ಡದು. ಹತ್ತು ಮಿಲಿಮೀಟರ್ ಅಗಲದ ಪಾಲು ಅದರ ಮುಂದೆ ಚಿಕ್ಕದು.

ಅಗಲ ಹೆಚ್ಚಿದರೆ ನೆಲಕ್ಕೆ ತಾಗುವ ರಬ್ಬರೂ ಹೆಚ್ಚುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಒಂದು ಚಕ್ರದ ಮೇಲೆ 400 ಕಿಲೋ ಭಾರ, ಒಳಗೆ 33 ಪಿಎಸ್‌ಐ ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 170 ಚದರ ಸೆಂ.ಮೀ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಬರುವ ಉತ್ತರ ಅದು. ಟೈರಿನ ಅಗಲಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಸೈಡ್‌ವಾಲಿನ ಬಿಗಿತದಿಂದ ಸ್ವಲ್ಪ ಆಚೀಚೆ ಆದೀತು. ಬದಲಾಗುವುದು ಮುಖ್ಯವಾಗಿ ಆಕಾರ: ಉದ್ದವಾಗಿದ್ದದ್ದು ಅಡ್ಡವಾಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಅಡ್ಡ ಆಕಾರಕ್ಕೆ ಲಾಭವಿದೆ, ಒಪ್ಪೋಣ. ನೀರು ನಿಂತ ರಸ್ತೆಯಲ್ಲಿ ಅದೇ ಆಕಾರ ಮುಳುವಾಗುತ್ತದೆ. ಅಗಲದ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ತಳ್ಳಲು ಸಿಗುವ ಉದ್ದ ಕಡಿಮೆ. ಗೀರಿನ ಆಳ ಒಂದೇ ಇದ್ದಾಗ ಅಗಲದ ಟೈರೇ ಮೊದಲು ನೀರಿನ ಮೇಲೆ ತೇಲುತ್ತದೆ.

ಮೇಲಿನ ಮಾದರಿಗೆ ಕಂಪನಿಯೇ ದೊಡ್ಡ ಚಕ್ರ ಕೊಟ್ಟಿದೆಯಲ್ಲ ಎಂಬ ವಾದ ಬಲವಾದದ್ದೇ. ಅದಕ್ಕೆ ಉತ್ತರ ಆ ಮಾದರಿಯ ವಿವರಪಟ್ಟಿಯಲ್ಲಿದೆ. ಎಷ್ಟೋ ಕಾರುಗಳಲ್ಲಿ ದೊಡ್ಡ ಚಕ್ರದ ಮಾದರಿಯ ತಿರುವಿನ ತ್ರಿಜ್ಯ ಚಿಕ್ಕ ಚಕ್ರದ್ದಕ್ಕಿಂತ ಹೆಚ್ಚಿರುತ್ತದೆ. ಕಾರಣ, ಅಗಲದ ಟೈರ್ ಒಳಗೆ ತಾಗದಂತೆ ಸ್ಟೀರಿಂಗ್ ತಿರುಗುವ ಮಿತಿಯನ್ನೇ ಕಡಿಮೆ ಮಾಡಿರುತ್ತಾರೆ. ಹಾಗೆಯೇ ಸ್ಪ್ರಿಂಗ್, ಡ್ಯಾಂಪರ್, ಕಂಪ್ಯೂಟರಿನೊಳಗಿನ ಚಕ್ರದ ಸುತ್ತಳತೆ, ಎಲೆಕ್ಟ್ರಿಕ್ ಸ್ಟೀರಿಂಗಿನ ಹೊಂದಿಕೆಗಳೂ ಬೇರೆ ಇರಬಹುದು. ಚಕ್ರವೊಂದನ್ನೇ ತಂದು ಕೂರಿಸಿದವರಿಗೆ ಇವು ಯಾವುವೂ ಸಿಗುವುದಿಲ್ಲ.

ವ್ಯಾಸ ಶೇ. 2ರ ಒಳಗಿರಲಿ ಎಂದು ಹೇಳುವುದು ಸುಲಭ. ಅಂಗಡಿಯ ಮುಂದೆ ನಿಂತಾಗ ಸ್ಟಾಕಿನಲ್ಲಿರುವುದು 205/65 ಆದರೆ ಅದೇ ಕಾರಿನ ಕೆಳಗೆ ಹೋಗುತ್ತದೆ. ಅಲ್ಲಿಂದ ಮುಂದೆ ಮೀಟರ್ 100 ತೋರಿಸುವಾಗ ಕಾರು ಮೊದಲಿಗಿಂತ ಶೇ. 4.2ರಷ್ಟು ಹೆಚ್ಚು ವೇಗದಲ್ಲಿರುತ್ತದೆ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಕಿಲೋಮೀಟರ್ ಎಣಿಕೆಯೂ ಹಿಂದೆ ಬೀಳುತ್ತದೆ: ನಿಜವಾಗಿ 10,000 ಕಿ.ಮೀ. ಓಡಿದಾಗ ಮೀಟರಿನಲ್ಲಿ ಸುಮಾರು 9,600. ಎಂಜಿನ್ ಆಯಿಲ್ ಬದಲಾಯಿಸುವುದು ಅಷ್ಟು ತಡ. ಮೈಲೇಜ್ ಬಿದ್ದಂತೆ ಕಾಣುವುದರಲ್ಲಿ ಒಂದಷ್ಟು ಈ ಎಣಿಕೆಯ ತಪ್ಪು. ಇನ್ನೊಂದಷ್ಟು ನಿಜವಾದ ನಷ್ಟ. ಗೇರುಗಳೆಲ್ಲ ಶೇ. 4ರಷ್ಟು ಉದ್ದವಾದಂತಾಗಿ ಪಿಕಪ್ ಕುಗ್ಗುತ್ತದೆ, ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ಚನ್ನು ಹೆಚ್ಚು ಹೊತ್ತು ಅರ್ಧ ಒತ್ತಿ ಹಿಡಿಯಬೇಕಾಗುತ್ತದೆ. ಪೆಡಲನ್ನು ಅಷ್ಟೇ ಒತ್ತಿದರೆ ನೆಲದ ಮೇಲೆ ಸಿಗುವ ಬ್ರೇಕಿನ ಬಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಈ ಕೊನೆಯದನ್ನು ಅಂಗಡಿಯಲ್ಲಿ ಯಾರೂ ಎತ್ತುವುದೇ ಇಲ್ಲ, ಎತ್ತಲೇಬೇಕಾದ ಮಾತು ಅದು.

ಸೈಡ್‌ವಾಲ್ ಚಿಕ್ಕದಾದರೆ ಗುಂಡಿಯಲ್ಲಿ ಏನಾಗುತ್ತದೆ ನೋಡಿ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ರಬ್ಬರು ಮಡಿಚಿ, ರಿಮ್ಮಿನ ತುಟಿಗೂ ರಸ್ತೆಯ ಅಂಚಿಗೂ ನಡುವೆ ಇಕ್ಕಳದಲ್ಲಿ ಸಿಕ್ಕಂತೆ ನಜ್ಜುತ್ತದೆ. ಹೊರಗಿನ ರಬ್ಬರು ಹಾಗೇ ಇರುತ್ತದೆ. ಒಳಗಿನ ನೂಲುಗಳು ಮಾತ್ರ ತುಂಡಾಗಿರುತ್ತವೆ. ಬಳಿಕ ಆ ಜಾಗದಲ್ಲಿ ಹೆಬ್ಬೆರಳ ಗಾತ್ರದ ಉಬ್ಬು ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ, ಟೈರ್ ಎಸೆಯಬೇಕು. ಉಬ್ಬು ಒಳಮಗ್ಗುಲಲ್ಲಿದ್ದರೆ ಕಾರನ್ನು ಎತ್ತುವವರೆಗೂ ಕಾಣುವುದಿಲ್ಲ, ಅದೇ ಭಯದ ಸಂಗತಿ.

ಜೇಡಿ ಅಂಟಿಸುವ ಪರೀಕ್ಷೆ ಒಳ್ಳೆಯದೇ, ಆದರೆ ಅದು ಹಿಡಿಯುವುದು ಆ ದಿನದ ಸ್ಥಿತಿಯನ್ನು. ಸ್ಪ್ರಿಂಗ್ ವರ್ಷಗಳಲ್ಲಿ ಕುಸಿಯುತ್ತದೆ, ಬುಷ್ ಸಡಿಲವಾಗುತ್ತದೆ. ಆಗ ಒಳಹೊದಿಕೆಯ ಮೇಲೆ ಬೆರಳಗಲದ ನುಣುಪಾದ, ಹೊಳೆಯುವ ಗೆರೆಯೊಂದು ಮೂಡುತ್ತದೆ. ಟೈರಿನ ಭುಜದ ಮೇಲೂ ಅದಕ್ಕೆ ಜೊತೆಯಾದ ಗೆರೆ. ಆಫ್‌ಸೆಟ್ ಇಳಿಸಿ ಚಕ್ರವನ್ನು ಹೊರಗೆ ಸರಿಸಿದ್ದರೆ ಬೇರಿಂಗಿನ ಮೇಲೆ ಭಾರ ವಾಲಿ ಬೀಳುತ್ತದೆ, ಒಂದು ಕಡೆ ಗುಂಡಿಗೆ ಇಳಿದರೆ ಸ್ಟೀರಿಂಗ್ ಕೈಯಲ್ಲಿ ಎಳೆಯುತ್ತದೆ.

ಸ್ಟೆಪ್ನಿಯನ್ನು ಎಲ್ಲರೂ ಮರೆಯುತ್ತಾರೆ. ನಾಲ್ಕು ಹೊಸ ಅಳತೆಯವು, ಡಿಕ್ಕಿಯಲ್ಲಿ ಹಳೆಯ ಅಳತೆಯದೊಂದು. ಪಂಕ್ಚರಾದ ದಿನ ವ್ಯಾಸ ಹೊಂದದ ಸ್ಟೆಪ್ನಿಯನ್ನು ಎಂಜಿನ್ ತಿರುಗಿಸುವ ಚಕ್ರದ ಜಾಗಕ್ಕೆ ಹಾಕಿದರೆ, ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಬಿಡುವಿಲ್ಲದೆ ದುಡಿಯುತ್ತದೆ, ಎಬಿಎಸ್ ದೀಪ ಹತ್ತಬಹುದು. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಕಾರಾದರೆ ಮುಂದಿನ ಹಿಂದಿನ ಚಕ್ರಗಳನ್ನು ಜೋಡಿಸುವ ನಡುವಿನ ಕಪ್ಲಿಂಗ್ ಬಿಸಿಯಾಗಿ ಕೆಡುವ ಅಪಾಯವೂ ಇದೆ. ಹೊಸ ರಿಮ್ಮಿನ ನಟ್‌ಗಳು ಹಳೆಯ ರಿಮ್ಮಿಗೆ ಕೂರದಿದ್ದರಂತೂ ರಸ್ತೆ ಬದಿಯಲ್ಲೇ ನಿಲ್ಲಬೇಕು: ಕೆಲವಕ್ಕೆ ಶಂಕುವಿನ ಮೊನೆ, ಕೆಲವಕ್ಕೆ ಗುಂಡಗಿನ ಮೊನೆ ಇರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಬಿಗಿಯುವುದಿಲ್ಲ. ನೋಂದಣಿ, ವಿಮೆ, ವಾರಂಟಿಯ ನಿಯಮಗಳು ಊರಿಂದೂರಿಗೆ ಬೇರೆ. ಅವನ್ನು ಬರಹದಲ್ಲಿ ಕೇಳಿ ಪಡೆಯದೆ ಚೀಟಿಯಲ್ಲಿಲ್ಲದ ಅಳತೆಗೆ ಕೈಹಾಕುವುದು ಬೇಡ.

ಗುಂಡಿ ರಸ್ತೆಗೆ ರಿಮ್ ಇಳಿಸುವ ಸಲಹೆಗೆ ಮಾತ್ರ ಇಲ್ಲಿ ಅಷ್ಟು ತಕರಾರಿಲ್ಲ, ಆ ಅಳತೆ ಚೀಟಿಯಲ್ಲಿದ್ದರೆ. ಉಳಿದವರು ಆ ಹಣವನ್ನು ಹಳೆಯ ಅಳತೆಯಲ್ಲೇ ಒಂದು ದರ್ಜೆ ಮೇಲಿನ ಟೈರಿಗೆ ಹಾಕಲಿ. ಒದ್ದೆ ರಸ್ತೆಯ ಹಿಡಿತಕ್ಕೆ ಒಳ್ಳೆಯ ಅಂಕ ಇರುವುದನ್ನು ಆರಿಸಿ, ನಾಲ್ಕನ್ನೂ ಒಟ್ಟಿಗೆ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ. ಟೈರಿನ ಮಗ್ಗುಲಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಆ ಅಂಕಿ ಕೆಲವು ಟೈರುಗಳಲ್ಲಿ ಒಂದೇ ಮಗ್ಗುಲಲ್ಲಿರುತ್ತದೆ. ಕೂರಿಸಿದ ಮೇಲೆ ಅದು ಒಳಗೆ ಮರೆಯಾಗುವುದರಿಂದ, ರಿಮ್ಮಿಗೆ ಏರಿಸುವ ಮೊದಲೇ ನಾಲ್ಕೂ ಟೈರುಗಳದ್ದನ್ನು ಓದಿಕೊಳ್ಳಿ.