ಬಟ್ಟೆಗಂಟಿನೊಳಗಿನ ಬುತ್ತಿ

ಮನೆಯಲ್ಲಿ ಮೊಳಕೆ ಬೆಳೆಸುತ್ತೇನೆ ಎಂದು ಹೇಳಿಕೊಳ್ಳುವಾಗಲೆಲ್ಲ ನನಗೆ ಸಣ್ಣ ಸಂಕೋಚವಾಗುತ್ತದೆ. ಮಣ್ಣು ಅಗೆಯದೆ, ಗೊಬ್ಬರ ಹಾಕದೆ, ಬಿಸಿಲಿಗೂ ಕಾಯದೆ ಮಾಡುವ ಈ ಕೆಲಸವನ್ನು ಬೇಸಾಯವೆನ್ನಲು ನಾಲಗೆ ಏಳುವುದಿಲ್ಲ. ಪಿಷ್ಟ, ಪ್ರೋಟೀನು, ಒಂದಿಷ್ಟು ಕೊಬ್ಬು, ಎಲ್ಲವನ್ನೂ ಕಾಳು ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ಅದರ ಬಳಿ ಇಲ್ಲದ್ದು ನೀರೊಂದೇ. ನಾನು ನೀರು ಕೊಡುತ್ತೇನೆ, ಅದು ನಂಬಿ ಬುತ್ತಿ ಬಿಚ್ಚುತ್ತದೆ, ಆಮೇಲೆ ಪಯಣಿಗನನ್ನೂ ಬುತ್ತಿಯನ್ನೂ ನಾನು ಒಟ್ಟಿಗೇ ತಿಂದುಬಿಡುತ್ತೇನೆ.

ಹೆಸರುಕಾಳನ್ನು 8ರಿಂದ 12 ಗಂಟೆ ನೆನೆಸಿದರೆ ಅದು ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ ಮಾತ್ರಕ್ಕೆ ಅದಕ್ಕೆ ಜೀವ ಬಂತೆಂದು ಹಿಗ್ಗುವಂತಿಲ್ಲ, ಏಕೆಂದರೆ ಸತ್ತ ಕಾಳೂ ಅಷ್ಟೇ ಗಂಭೀರವಾಗಿ ಉಬ್ಬುತ್ತದೆ. ನಿಜವಾದ ಸಂಗತಿ ಕಾಣಬೇಕಾದರೆ ಒಂದೇ ಒಂದು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಬೇಕು. ಅದರ ಮಗ್ಗುಲಲ್ಲಿ ಒಂದು ಪುಟ್ಟ ಬಿಳಿಯ ಗೆರೆಯಿದೆ. ಕಾಯಿಯೊಳಗೆ ಅಂಟಿಕೊಂಡಿದ್ದ ಕಾಲದ ಹೊಕ್ಕುಳಿನ ಕಲೆ ಅದು. ಆ ಗೆರೆಯ ಪಕ್ಕದಲ್ಲೇ ಹಸಿರು ಸಿಪ್ಪೆ ಸೀಳಿ ಬಿಳಿಯ ಮೂತಿಯೊಂದು ಇಣುಕುತ್ತದೆ. ಅದನ್ನು ಚಿಗುರೆಂದು ನಾನು ಬಹಳ ಕಾಲ ತಿಳಿದಿದ್ದೆ. ಅದು ಬೇರು. ಎಲೆಗಿಂತ ಮೊದಲು ನೀರಿನ ದಾರಿಯನ್ನು ಭದ್ರಪಡಿಸಿಕೊಳ್ಳುವಷ್ಟು ಲೋಕಜ್ಞಾನ ಕಾಳಿಗಿದೆ.

ಈ ಕೆಲಸದಲ್ಲಿ ಕೌಶಲವೆಂಬುದೇನಾದರೂ ಇದ್ದರೆ ಅದು ನೀರು ಹಾಕುವುದರಲ್ಲಿಲ್ಲ, ನೀರು ಬಸಿಯುವುದರಲ್ಲಿದೆ. ಎಚ್ಚೆತ್ತ ಕಾಳು ಉಸಿರಾಡುತ್ತದೆ, ಉಸಿರಾಡುತ್ತ ಬಿಸಿಯೂ ಆಗುತ್ತದೆ. ದಟ್ಟವಾಗಿ ಕಟ್ಟಿದ ಗಂಟಿನ ನಡುವೆ ಬೆರಳು ತೂರಿಸಿದರೆ ಆ ಬೆಚ್ಚನೆ ತಿಳಿಯುತ್ತದೆ. ಒಮ್ಮೆ ನಾನು ಅತಿ ಜಾಗ್ರತೆಯಿಂದ, ಒಣಗದಿರಲೆಂದು, ಒದ್ದೆ ಕಾಳನ್ನು ಗಾಜಿನ ಜಾಡಿಗೆ ತುಂಬಿ ಮುಚ್ಚಳ ಬಿಗಿದು ಎರಡು ದಿನ ಮರೆತಿದ್ದೆ. ತೆರೆದಾಗ ಬಂದ ವಾಸನೆಯಿಂದ ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆಯಬೇಕಾಯಿತು. ಕಾಳುಗಳು ಲೋಳೆಯಲ್ಲಿ ಮುಳುಗಿದ್ದವು. ಅಂದಿನಿಂದ ಜಾಡಿಯ ಬಾಯಿಗೆ ತೆಳುಬಟ್ಟೆ ಕಟ್ಟಿ, ಓರೆಯಾಗಿ ಬೋರಲು ಹಾಕಿ, ದಿನಕ್ಕೆ ಎರಡು ಮೂರು ಸಲ ತೊಳೆದು ಬಸಿಯುತ್ತೇನೆ. ಸಾಸಿವೆಯಂಥವಕ್ಕೆ ಈ ಜಾಡಿಯೂ ಆಗದು. ನೆಂದೊಡನೆ ಅವು ತಾವೇ ಅಂಟು ಬಿಟ್ಟು ಮುದ್ದೆಗಟ್ಟುವುದರಿಂದ ಒದ್ದೆ ಬಟ್ಟೆಯ ಮೇಲೆ ತೆಳುವಾಗಿ ಹರಡಿಯೇ ಬೆಳೆಸಬೇಕು.

ಆ ಅನುಭವದ ಭಯದಲ್ಲಿ ಮುಂದೊಂದು ದಿನ ಒಳ್ಳೆಯ ಮೊಳಕೆಯನ್ನೂ ಎಸೆದೆ. ಮೂಲಂಗಿ ಬೀಜದ ಬೇರುಗಳ ಸುತ್ತ ಬಿಳಿಯ ನವಿರು ತುಪ್ಪುಳು ಕಂಡಿತು. ಬೂಷ್ಟು ಬಂತೆಂದು ತೀರ್ಮಾನಿಸಿಬಿಟ್ಟೆ. ಅದು ನೀರು ಹುಡುಕುತ್ತಿದ್ದ ಬೇರುಕೂದಲು. ನೀರು ಚಿಮುಕಿಸಿದರೆ ಬೇರಿಗೆ ಅಂಟಿಕೊಂಡು ಮಾಯವಾಗುವುದು ಬೇರುಕೂದಲು. ಜೇಡರ ಬಲೆಯಂತೆ ಕಾಳಿನಿಂದ ಕಾಳಿಗೆ ಹಬ್ಬಿ ಮುಗ್ಗು ವಾಸನೆ ಬೀರುವುದು ಬೂಷ್ಟು.

ಕತ್ತಲೆಯಲ್ಲಿಟ್ಟ ಮೊಳಕೆ ಬೆಳಕು ಹುಡುಕುತ್ತ ಸೊರಗಿ ಉದ್ದವಾಗುತ್ತದೆ, ಹಾಗೆಂದೇ ಬೆಳ್ಳಗೆ ರಸಭರಿತವಾಗಿರುತ್ತದೆ. ಅದರ ಮೇಲೆ ಭಾರವಿಟ್ಟರೆ ಇನ್ನೊಂದು ವಿಚಿತ್ರ ನಡೆಯುತ್ತದೆ: ಒತ್ತಡಕ್ಕೆ ಸಿಕ್ಕ ಸಸಿ ಎಥಿಲೀನ್ ಎಂಬ ಅನಿಲವನ್ನು ಹೆಚ್ಚಾಗಿ ಉತ್ಪಾದಿಸಿ, ಉದ್ದವಾಗುವುದನ್ನು ಬಿಟ್ಟು ದಪ್ಪವಾಗುತ್ತದೆ. ಮಣ್ಣನ್ನು ತಳ್ಳಲೆಂದು ಅದು ಮೈಗೂಡಿಸಿಕೊಂಡ ಕಸುವನ್ನು ನಾವು ಒಂದು ತಟ್ಟೆಯ ಭಾರದಿಂದ ವಂಚಿಸಿ ಪಡೆಯುತ್ತೇವೆ.

ಮೊಳಕೆಯ ಗುಣಗಾನದಲ್ಲಿ ಅರ್ಧ ನಿಜ. ಒಣ ಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಸಿ ಜೀವಸತ್ವ ಮೊಳೆಯುವಾಗ ಹೆಚ್ಚುತ್ತದೆ. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆಗಳನ್ನು ಕಾಳೇ ಖರ್ಚು ಮಾಡಿಕೊಳ್ಳುವುದರಿಂದ ಅವು ತಗ್ಗುತ್ತವೆ. ಆದರೆ ಬಟ್ಟಲು ತುಂಬಿ ತುಳುಕಿತೆಂದು ಆಹಾರ ಬೆಳೆಯಿತೆಂದಲ್ಲ. ತುಂಬಿದ್ದು ನೀರು; ಬುತ್ತಿಯ ಒಣತೂಕ ಉಸಿರಾಟದಲ್ಲಿ ಕರಗಿ ಇಳಿದೇ ಇರುತ್ತದೆ. ಇನ್ನು ಕಾಳಿಗೆ ಹಿತವಾದ ಬೆಚ್ಚಗಿನ ತೇವ ರೋಗಾಣುಗಳಿಗೂ ಹಿತವೇ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯ ಮೂಲಕ ಹರಡಿದ ಇ. ಕೋಲಿ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ರೋಗಾಣು ಬೀಜದಲ್ಲೇ ಅಡಗಿ ಬಂದಿದ್ದರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲವಾದ್ದರಿಂದ, ಸ್ವಲ್ಪ ಗರಿಗರಿ ಕಳೆದುಕೊಂಡರೂ ನಾನು ಚೆನ್ನಾಗಿ ಬೇಯಿಸಿಯೇ ತಿನ್ನುವ ಪಕ್ಷದವನು. ಬಿತ್ತನೆಗೆಂದು ಔಷಧ ಸವರಿದ ಬೀಜವನ್ನಂತೂ ಮುಟ್ಟುವುದಿಲ್ಲ.

ಪ್ರತಿ ಗಂಟಿನಲ್ಲೂ ನಾಲ್ಕೈದು ಕಾಳು ಏನು ಮಾಡಿದರೂ ನೆನೆಯದೆ, ಕಲ್ಲಿನಂತೆ ಉಳಿದು, ಹಲ್ಲಿಗೆ ಸಿಕ್ಕಿ ನನ್ನ ಬಾಯಿಂದ ಬೈಗುಳ ಹೊರಡಿಸುತ್ತವೆ. ಸತ್ತಿರಬೇಕೆಂದುಕೊಂಡಿದ್ದೆ. ಅವು ಸತ್ತಿಲ್ಲ, ನೀರೇ ಇಳಿಯದಷ್ಟು ಬಿಗಿಯಾದ ಸಿಪ್ಪೆ ತೊಟ್ಟು ಕುಳಿತಿವೆ, ಅಷ್ಟೇ. ಕಳೆದ ವಾರ ಅಂಥದೊಂದನ್ನು ಉಪ್ಪುಕಾಗದಕ್ಕೆ ಎರಡು ಸಲ ಉಜ್ಜಿ ಚಮಚ ನೀರಿನಲ್ಲಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಉಳಿದವುಗಳಂತೆಯೇ ದುಂಡಗೆ ಉಬ್ಬಿತ್ತು, ಮರುದಿನ ಮೂತಿಯನ್ನೂ ಹೊರಹಾಕಿತು. ಅದೊಂದನ್ನು ತಿನ್ನಲು ಮನಸ್ಸಾಗದೆ ಕಿಟಕಿಯ ಬಳಿ ಇಟ್ಟಿದ್ದೇನೆ.