ಪರದೇಶದಲ್ಲಿ ಫೋನ್ ಕಳುವಾದರೆ ಮೊದಲು ನಂಬರ್ ಕಾಪಾಡಿಕೊಳ್ಳಿ

ಫೋನ್ ಕಳುವಾಯಿತು ಅಂತ ಗೊತ್ತಾದ ಕೂಡಲೇ ಹೆಚ್ಚಿನವರು ಮ್ಯಾಪ್ ತೆರೆದು ಅದು ಎಲ್ಲಿದೆ ಅಂತ ನೋಡುತ್ತಾ ಕೂರುತ್ತಾರೆ. ಸ್ವಂತ ದೇಶದಲ್ಲಾದರೆ ಆ ಅರ್ಧ ಗಂಟೆ ಹೋದರೂ ಹೇಗೋ ಸುಧಾರಿಸಿಕೊಳ್ಳಬಹುದು. ಗುರುತಿನ ಚೀಟಿ ಹಿಡಿದು ಹೋದರೆ ಅದೇ ನಂಬರಿನ ಹೊಸ ಸಿಮ್ ಸಿಗುತ್ತದೆ. ಬೇರೆ ದೇಶದಲ್ಲಿ ನೆಲೆಸಿದವರ ಪಾಡು ಹಾಗಲ್ಲ. ಬ್ಯಾಂಕು, ಇಮೇಲ್, ಹೂಡಿಕೆ, ಎಲ್ಲದರ ಒಟಿಪಿ ಬರುವುದು ತಾಯ್ನಾಡಿನ ನಂಬರಿಗೆ. ಆ ಸಿಮ್ ಕಳ್ಳನ ಕೈಯಲ್ಲಿದೆ, ಬದಲಿ ಸಿಮ್ ಕೊಡುವವರು ಸಾವಿರಾರು ಮೈಲಿ ದೂರದಲ್ಲಿದ್ದಾರೆ. ಫೋನ್ ಎಷ್ಟೇ ದುಬಾರಿಯದ್ದಿರಲಿ, ಇದರ ಮುಂದೆ ಅದು ಸಣ್ಣ ನಷ್ಟ.

ಮೊದಲ ಕೆಲಸ, ಯಾರದ್ದಾದರೂ ಫೋನ್ ಕೇಳಿ ಪಡೆದು, ಪ್ರೈವೇಟ್ ವಿಂಡೋದಲ್ಲಿ ಲಾಗಿನ್ ಆಗಿ ನಿಮ್ಮ ಫೋನನ್ನು ದೂರದಿಂದಲೇ ಬೀಗ ಹಾಕುವ ಲಾಸ್ಟ್ ಮೋಡ್‌ಗೆ ಹಾಕುವುದು. ಐಫೋನಿನವರಿಗೆ ಇದು ಸುಲಭ. ಐಕ್ಲೌಡ್ ಡಾಟ್ ಕಾಮ್ ಸ್ಲ್ಯಾಶ್ ಫೈಂಡ್ ಪುಟ ಪಾಸ್‌ವರ್ಡ್ ಕೇಳುತ್ತದೆಯೇ ಹೊರತು ಫೋನಿಗೆ ಬರುವ ಕೋಡ್ ಕೇಳುವುದಿಲ್ಲ. ಲಾಸ್ಟ್ ಮೋಡ್ ಹಾಕಿದರೆ ಆಪಲ್ ಪೇ ಕೂಡ ನಿಲ್ಲುತ್ತದೆ. ಆಂಡ್ರಾಯ್ಡ್‌ನಲ್ಲಿ ತೊಡಕಿರುವುದೇ ಇಲ್ಲಿ. ಹೊಸ ಸಾಧನದಿಂದ ಗೂಗಲ್ ಖಾತೆಗೆ ಹೋದರೆ ‘ನೀವೇನಾ?’ ಎನ್ನುವ ಪ್ರಶ್ನೆ ಕಳುವಾದ ಫೋನಿಗೇ ಹೋಗಬಹುದು. ಇದಕ್ಕೆಂದೇ ಗೂಗಲ್ 8 ಅಂಕಿಗಳ 10 ಬ್ಯಾಕಪ್ ಕೋಡ್ ಕೊಡುತ್ತದೆ. ಒಂದೊಂದನ್ನೂ ಒಂದೇ ಸಲ ಬಳಸಬಹುದು. ಅವನ್ನು ಕಾಗದದ ಮೇಲೆ ಬರೆದಿಡಿ, ಫೋನಿನಲ್ಲೇ ಸ್ಕ್ರೀನ್‌ಶಾಟ್ ಮಾಡಿಟ್ಟರೆ ಫೋನಿನ ಜೊತೆಗೇ ಹೋಗುತ್ತವೆ. ರಿಮೋಟ್ ಲಾಕ್ ಅನ್ನುವ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆನ್ ಮಾಡಿದ್ದರೆ, ಆಂಡ್ರಾಯ್ಡ್ ಡಾಟ್ ಕಾಮ್ ಸ್ಲ್ಯಾಶ್ ಲಾಕ್ ಪುಟದಲ್ಲಿ ಫೋನ್ ನಂಬರ್ ಹಾಕಿಯೇ ಪರದೆಗೆ ಬೀಗ ಹಾಕಬಹುದು.

ಡೇಟಾ ಅಳಿಸುವ ಆತುರ ಬೇಡ. ಆಂಡ್ರಾಯ್ಡ್ ಫೋನನ್ನು ದೂರದಿಂದ ಅಳಿಸಿದರೆ ಆಮೇಲೆ ಅದರ ಜಾಗ ತಿಳಿಯುವುದಿಲ್ಲ. ಮೊದಲು ಬೀಗ, ನಂತರ ಸಿಮ್, ಅಳಿಸುವುದು ಕೊನೆಗೆ.

ಸಿಮ್ ವಿಷಯ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜನ ಎಡವುವುದು ಇಲ್ಲೇ. ಫೋನಿಗೆ ಎಷ್ಟೇ ಗಟ್ಟಿಯಾದ ಪಾಸ್‌ಕೋಡ್ ಇರಲಿ, ಅದು ಸಿಮ್ ಕಾರ್ಡನ್ನು ಕಾಯುವುದಿಲ್ಲ. ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅವನಿಗೇ ಬರುತ್ತವೆ, ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತಿದರೆ ಸಾಕು. ಇದನ್ನು ತಡೆಯುವುದು ಸಿಮ್ ಪಿನ್. ಪಿನ್ ಹಾಕಿದ ಸಿಮ್ಮನ್ನು ಬೇರೆ ಫೋನಿಗೆ ಹಾಕಿದ ತಕ್ಷಣ ಅದು ಪಿನ್ ಕೇಳುತ್ತದೆ. 3 ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್ ಬೀಗ ತೆಗೆಯುವ 8 ಅಂಕಿಯ ಕೋಡ್ ಬೇಕು, ಅದನ್ನೂ 10 ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಸತ್ತಂತೆ. ಆನ್ ಮಾಡುವಾಗ ಮಾತ್ರ ಜೋಪಾನ. ಮೊದಲ ಸಲ ಅದು ಸಿಮ್ ಕಂಪನಿಯೇ ಇಟ್ಟ ಪಿನ್ ಕೇಳುತ್ತದೆ. ಊಹಿಸಿ ಒತ್ತಬೇಡಿ, ಕಂಪನಿಯಿಂದ ಪಿನ್ ಮತ್ತು ಪಿಯುಕೆ ಎರಡನ್ನೂ ಕೇಳಿ ಬರೆದಿಟ್ಟುಕೊಂಡೇ ಮುಂದುವರಿಯಿರಿ. ಜೊತೆಗೆ ಲಾಕ್ ಪರದೆಯ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದ ಹಾಗೆ ಮಾಡಿ, ಇಲ್ಲದಿದ್ದರೆ ಸಿಮ್ ತೆಗೆಯದೆಯೂ ಒಟಿಪಿ ಓದಬಹುದು.

ಎರಡು ದೇಶದ ಎರಡು ಸಿಮ್ ಇದ್ದರೆ ಎರಡೂ ಕಂಪನಿಗಳಿಗೆ ಬ್ಲಾಕ್ ಮಾಡಲು ಹೇಳಬೇಕು. ಇಲ್ಲಿನ ಸಿಮ್ ಬ್ಲಾಕ್ ಮಾಡಿಸಿ, ತಾಯ್ನಾಡಿನದ್ದನ್ನು ‘ಹೇಗೂ ರೋಮಿಂಗ್‌ನಲ್ಲಿದೆ’ ಅಂತ ಬಿಡುವವರಿದ್ದಾರೆ. ಮೊದಲು ಬ್ಲಾಕ್ ಆಗಬೇಕಾದ್ದೇ ಅದು.

ಬ್ಯಾಂಕಿಗೆ ಕರೆ ಮಾಡುವಾಗ ಎದುರಾಗುವ ಅಡ್ಡಿ ಬೇರೆ ಥರದ್ದು. ಟೋಲ್ ಫ್ರೀ ನಂಬರುಗಳು ಸಾಮಾನ್ಯವಾಗಿ ಹೊರದೇಶದಿಂದ ಸಿಗುವುದಿಲ್ಲ. ಕಾರ್ಡಿನ ಹಿಂದೆ ಅಥವಾ ಬ್ಯಾಂಕಿನ ವೆಬ್‌ಸೈಟಿನಲ್ಲಿ ಹೊರದೇಶದಿಂದ ಕರೆ ಮಾಡಲೆಂದೇ ಕೊಟ್ಟಿರುವ ನಂಬರ್ ಬಳಸಿ. ಗಾಬರಿಯಲ್ಲಿ ‘ಎಲ್ಲ ಬ್ಲಾಕ್ ಮಾಡಿ’ ಅನ್ನಬೇಡಿ. ಆಪಲ್ ಪೇ, ಗೂಗಲ್ ವಾಲೆಟ್‌ನಲ್ಲಿ ಪಾವತಿಗೆ ಬಳಕೆಯಾಗುವುದು ಕಾರ್ಡಿನ ನಿಜವಾದ ನಂಬರಲ್ಲ, ಆ ಫೋನಿಗೆಂದೇ ಕೊಟ್ಟ ಬೇರೆ ನಂಬರು. ಅದನ್ನು ಮಾತ್ರ ರದ್ದು ಮಾಡಿಸಿ, ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಿ. ಜೇಬಿನಲ್ಲಿರುವ ಪ್ಲಾಸ್ಟಿಕ್ ಕಾರ್ಡ್ ಉಳಿಯಲಿ. ಅಪರಿಚಿತ ದೇಶದಲ್ಲಿ ಫೋನೂ ಇಲ್ಲ, ಕಾರ್ಡೂ ಇಲ್ಲ ಎಂದರೆ ಆ ದಿನ ಕೈಯಲ್ಲಿ ಕಾಸೂ ಇಲ್ಲ. ಕಾರ್ಡನ್ನು ಫೋನಿನ ಕವರಿನಲ್ಲೇ ಇಟ್ಟಿದ್ದರೆ ಮಾತ್ರ ಅದನ್ನೂ ಬ್ಲಾಕ್ ಮಾಡಿಸಲೇಬೇಕು.

ಸಿಮ್ ಬ್ಲಾಕ್ ಆದರೂ ವೈಫೈ ಸಿಕ್ಕರೆ ಕದ್ದ ಫೋನಿನಲ್ಲಿ ವಾಟ್ಸಾಪ್ ಓಡುತ್ತಲೇ ಇರುತ್ತದೆ. ಅದೇ ನಂಬರನ್ನು ಹೊಸ ಫೋನಿನಲ್ಲಿ ನೋಂದಾಯಿಸಿದಾಗ ಹಳೆಯದು ತಾನಾಗಿ ಹೊರಬೀಳುತ್ತದೆ. ಆರಂಕಿಯ ಟೂ ಸ್ಟೆಪ್ ಪಿನ್ ಹಾಕಿಟ್ಟಿದ್ದರೆ, ಒಟಿಪಿ ಸಿಕ್ಕರೂ ಬೇರೆಯವರು ನಿಮ್ಮ ಹೆಸರಿನಲ್ಲಿ ಬಂಧುಗಳ ಹತ್ತಿರ ದುಡ್ಡು ಕೇಳುವುದು ಕಷ್ಟ.

ಪೊಲೀಸ್ ದೂರು ಕೊಟ್ಟರೆ ಫೋನ್ ಸಿಗುತ್ತದೆ ಅಂತ ನಂಬಿ ಹೋಗಬೇಡಿ, ಆದರೆ ಹೋಗದೇ ಇರಬೇಡಿ. ವಿಮೆಯವರು ಕೇಳುವುದು ಆ ಕಾಗದವನ್ನೇ. ದೂರಿನಲ್ಲಿ ಐಎಂಇಐ, ಅಂದರೆ ಫೋನನ್ನು ಗುರುತಿಸುವ 15 ಅಂಕಿಯ ನಂಬರ್ ಬರೆಸಿ. ಎರಡು ಸಿಮ್ಮಿನ ಫೋನಿಗೆ ಎರಡು ಐಎಂಇಐ ಇರುತ್ತದೆ, ಎರಡೂ ಇರಲಿ. ಫೋನಿನ ಡಬ್ಬಿಯ ಮೇಲೆ ಅದು ಅಚ್ಚಾಗಿರುತ್ತದೆ. ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ಬರೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಐಎಂಇಐ ಬ್ಲಾಕ್ ಆದ ಮೇಲೂ ಆ ಫೋನ್ ಎಲ್ಲ ದೇಶಗಳಲ್ಲಿ ಕೆಲಸ ನಿಲ್ಲಿಸುತ್ತದೆ ಅಂತಿಲ್ಲ, ಬ್ಲಾಕ್ ಪಟ್ಟಿಯನ್ನು ಎಲ್ಲ ದೇಶಗಳ ಕಂಪನಿಗಳೂ ಹಂಚಿಕೊಳ್ಳುವುದಿಲ್ಲ. ಕದ್ದ ಫೋನು ಗಡಿ ದಾಟುವುದು ಅದಕ್ಕೇ.

ಕೆಲ ದಿನ ಕಳೆದ ಮೇಲೆ ‘ನಿಮ್ಮ ಐಫೋನ್ ಸಿಕ್ಕಿದೆ, ಇಲ್ಲಿ ನೋಡಿ’ ಅಂತ ಒಂದು ಲಿಂಕ್ ಬರಬಹುದು. ಅಂಥದ್ದು ಮೋಸವೇ ಅಂದುಕೊಳ್ಳಿ. ಆಪಲ್‌ನ ಪುಟದ ಹಾಗೇ ಕಾಣುವ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟ ಕ್ಷಣ ಬೇರೆಯವರು ಫೋನ್ ಬಳಸದಂತೆ ತಡೆಯುವ ಆಕ್ಟಿವೇಶನ್ ಲಾಕ್ ತೆಗೆಯಲು ದಾರಿಯಾಗುತ್ತದೆ, ಬಿಡಿಭಾಗದ ಬೆಲೆಗೆ ಹೋಗಬೇಕಿದ್ದ ಫೋನ್ ಪೂರ್ತಿ ಬೆಲೆಗೆ ಮಾರಾಟವಾಗುತ್ತದೆ. ಲಿಂಕ್ ಫಲಿಸದಿದ್ದರೆ ಬೆದರಿಕೆ ಬರುವುದೂ ಉಂಟು. ಉತ್ತರ ಕೊಡಬೇಡಿ, ಯಾರು ಹೇಳಿದರೂ ಆ ಫೋನನ್ನು ನಿಮ್ಮ ಖಾತೆಯ ಪಟ್ಟಿಯಿಂದ ತೆಗೆಯಬೇಡಿ.

ಉಳಿದದ್ದು ತಾಯ್ನಾಡಿನ ನಂಬರ್. ಹೊರಗಿನಿಂದಲೇ ಇಸಿಮ್ (ಕಾರ್ಡಿಲ್ಲದೆ ಫೋನಿಗೇ ಇಳಿಸುವ ಸಿಮ್) ಕೊಡುತ್ತಾರಾ, ಮನೆಯವರು ಅಧಿಕಾರ ಪತ್ರ ತೋರಿಸಿದರೆ ಬದಲಿ ಸಿಮ್ ಕೊಡುತ್ತಾರಾ ಅನ್ನುವುದನ್ನು ಫೋನ್ ಜೇಬಿನಲ್ಲಿರುವಾಗಲೇ ನಿಮ್ಮ ಕಂಪನಿಗೆ ಕೇಳಿ. ಹೊರದೇಶದ ನಂಬರನ್ನು ಅಥವಾ ಇಮೇಲ್ ಒಟಿಪಿಯನ್ನು ಒಪ್ಪುತ್ತಾರಾ ಅಂತ ಬ್ಯಾಂಕಿಗೂ ಕೇಳಿ, ಒಪ್ಪಿದರೆ ಇವತ್ತೇ ಬದಲಾಯಿಸಿ. ಇಮೇಲಿನ ಭದ್ರತೆಯನ್ನಂತೂ ಎಸ್‌ಎಂಎಸ್‌ನಿಂದ ಬಿಡಿಸಿ, ಕೋಡ್ ತಾನೇ ತಯಾರಿಸುವ ಆಪ್ ಆದ ಆಥೆಂಟಿಕೇಟರ್‌ಗೋ ಪಾಸ್‌ವರ್ಡ್ ಬದಲಿಗೆ ಬಳಸುವ ಪಾಸ್‌ಕೀಗೋ ಹಾಕಿ, ಅದರ ಇನ್ನೊಂದು ಪ್ರತಿ ಮನೆಯಲ್ಲೇ ಇರುವ ಲ್ಯಾಪ್‌ಟಾಪಿನಲ್ಲೂ ಇರಲಿ.